ಮದುವೆಗೆ ಸಾಕ್ಷಿ ಯಾರು?

ಕಳೆದ ಶ್ರಾವಣದಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರ ಮಗಳು ನಮ್ಮನ್ನು ಕಾಣಲು ಬಂದಿದ್ದಳು. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಇತಿಹಾಸವನ್ನು ಅಭ್ಯಾಸ ಮಾಡುತ್ತಿರುವ ಹುಡುಗಿ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ತನ್ನ ಗಣಕಯಂತ್ರವನ್ನು ನಮ್ಮ ಮುಂದಿಟ್ಟು, "ಅಜ್ಜಾರೆ, ನೀವು ತಾಡವಾಲೆ ಓದಿದವರು. ಈ ಅಕ್ಷರ ಏನಿರಬಹುದು, ಸ್ವಲ್ಪ ನೋಡ್ರಿ" ಎಂದಳು. ನಮ್ಮ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಮಾಸಿದ ಕೈಬರಹದೊಡನೆ ಗುದ್ದಾಡುವ ಚಟ ಮಠದ ಪಾಠಶಾಲೆಯ ದಿನಗಳಿಂದಲೇ ನಮಗೆ ಅಂಟಿಕೊಂಡದ್ದು. ಕನ್ನಡಕವೇರಿಸಿ ಕುಳಿತೆವು.

ಅದು ಒಂದು ಮನೆತನದ ಹುಟ್ಟು, ಮದುವೆ, ಮರಣಗಳ ತಾರೀಖುಗಳನ್ನು ಸಾಲಾಗಿ ಬರೆದಿದ್ದ ಪುಟ. ಶಾಯಿ ಕಂದುಬಣ್ಣಕ್ಕೆ ತಿರುಗಿತ್ತು. ಎಡಗಡೆಯ ಅಂಚು ಓರೆಕೋರೆಯಾಗಿ ಹರಿದಿತ್ತು. ಗ್ರಂಥಗಳಿಗೆ ಗೆದ್ದಲು ಹಿಡಿಯುವುದನ್ನು ನಾವು ಬಲ್ಲೆವು, ಇಲಿ ಕಡಿಯುವುದನ್ನೂ ಬಲ್ಲೆವು. ಇದು ಎರಡೂ ಆಗಿರಲಿಲ್ಲ. ಕೇಳಿದಾಗ ಆ ಹುಡುಗಿ ಹೇಳಿದಳು: "ಮನೆಯ ಬೈಬಲ್ಲಿನಿಂದ ಹರಿದದ್ದು ಅಜ್ಜಾರೆ. ಪಿಂಚಣಿ ಬೇಕು ಅಂತ ಒಬ್ಬ ಮುದುಕಿ ಹರಿದು ಸರಕಾರಕ್ಕೆ ಕಳಿಸಿದ್ದು."

ಆ ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. ಮುಂದಿನ ಹದಿನೈದು ದಿನಗಳಲ್ಲಿ ಅವಳು ಓದಿ ಹೇಳಿದ್ದು, ನಾವು ಕೇಳಿ ತಿಳಿದದ್ದು, ಇವುಗಳಲ್ಲಿ ಕೆಲವನ್ನು ಸಹೃದಯ ಓದುಗರ ಮುಂದೆ ಇಡಬಯಸುತ್ತೇವೆ. ಕೊನೆಯಲ್ಲಿ ನಮ್ಮದೇ ಒಂದು ಹಳೆಯ ತಪ್ಪನ್ನೂ ಹೇಳುವುದಿದೆ.

ಅಮೆರಿಕದ 13 ವಸಾಹತುಗಳು ಬ್ರಿಟಿಷ್ ಅರಸನ ವಿರುದ್ಧ ಎದ್ದು ನಡೆಸಿದ ಕ್ರಾಂತಿಯ ಯುದ್ಧವು 1775ರಲ್ಲಿ ಆರಂಭವಾಗಿ 1783ರಲ್ಲಿ ಮುಗಿಯಿತು. ಹೋರಾಡಿದವರಲ್ಲಿ ಬಹುಮಂದಿ ಒಕ್ಕಲಿಗರು, ಕಮ್ಮಾರರು, ಕೂಲಿಯಾಳುಗಳು. ಯುದ್ಧ ಮುಗಿದೊಡನೆ ಅವರು ತಮ್ಮ ತಮ್ಮ ಹೊಲಗಳಿಗೆ ಮರಳಿದರು. ಗಾಯಗೊಂಡವರಿಗೆ ಒಂದಿಷ್ಟು ನೆರವು, ಸತ್ತ ಅಧಿಕಾರಿಗಳ ಪತ್ನಿಯರಿಗೆ ಏಳು ವರ್ಷ ಅರ್ಧವೇತನ ಎಂಬ 1780ರ ಒಂದು ನಿರ್ಣಯ, ಇಷ್ಟನ್ನು ಬಿಟ್ಟರೆ ಸಾಮಾನ್ಯ ಸಿಪಾಯಿಯ ಮನೆಗೆ ಸರಕಾರದ ದೃಷ್ಟಿ ಬಹುಕಾಲ ಹರಿಯಲಿಲ್ಲ. 1818ರಲ್ಲಿ, ಎಂದರೆ ಯುದ್ಧ ಮುಗಿದ 35 ವರ್ಷಗಳ ತರುವಾಯ, ಬಡತನದಲ್ಲಿರುವ ಮುದಿ ಯೋಧರಿಗೆ ಪಿಂಚಣಿಯ ಶಾಸನವಾಯಿತು. ಸಿಪಾಯಿಗೆ ತಿಂಗಳಿಗೆ 8 ಡಾಲರು, ಅಧಿಕಾರಿಗೆ 20. ಅರ್ಜಿಗಳು ಪ್ರವಾಹದಂತೆ ಬಂದುವು. ಸರಕಾರಕ್ಕೆ ಸಂಶಯ ಹುಟ್ಟಿತು. 1820ರಲ್ಲಿ, ಪಿಂಚಣಿ ಬೇಡುವವನು ತನ್ನ ಆಸ್ತಿಪಾಸ್ತಿಯ ಪಟ್ಟಿಯನ್ನು ಪ್ರಮಾಣ ಮಾಡಿ ಕೊಡಬೇಕೆಂದು ವಿಧಿಸಲಾಯಿತು. ಅಂತಹ ಪಟ್ಟಿಗಳನ್ನು ಆ ಹುಡುಗಿ ನಮಗೆ ಓದಿ ಹೇಳಿದಳು. ದೇಶವನ್ನು ಬಿಡಿಸಿದವನು ನ್ಯಾಯಾಧೀಶನ ಮುಂದೆ ನಿಂತು ತನ್ನ ಮನೆಯ ಪಾತ್ರೆಪಗಡಿಗಳನ್ನೂ ಕುರ್ಚಿಗಳನ್ನೂ ಎಣಿಸಿ ಹೇಳುತ್ತಾನೆ! 1832ರ ಶಾಸನದಲ್ಲಿ ಈ ಬಡತನದ ಷರತ್ತು ಹೋಯಿತು. ಕನಿಷ್ಠ ಆರು ತಿಂಗಳು ಸೇವೆ ಮಾಡಿದವರೆಲ್ಲರಿಗೂ ಅವಕಾಶವಾಯಿತು.

ಇಲ್ಲಿ ಇನ್ನೊಂದು ತೊಡಕಿತ್ತು. 1800ರ ನವೆಂಬರ್ 8ರಂದು ಅಲ್ಲಿಯ ಯುದ್ಧಖಾತೆಯ ಕಚೇರಿಗೆ ಬೆಂಕಿ ಬಿದ್ದು ಹಳೆಯ ಕಾಗದಪತ್ರಗಳು ಸುಟ್ಟುಹೋಗಿದ್ದುವು. ಆದುದರಿಂದ ಸರಕಾರವು ತನ್ನ ಬಳಿ ಇಲ್ಲದ ದಾಖಲೆಯನ್ನು ಪ್ರಜೆಗಳಿಂದ ಕೇಳಬೇಕಾಯಿತು. ಯಾವ ದಳದಲ್ಲಿದ್ದೆ, ನಾಯಕ ಯಾರು, ಯಾವ ಕಾಳಗಗಳಲ್ಲಿದ್ದೆ, ಬಿಡುಗಡೆಯ ಪತ್ರವಿದೆಯೆ, ನಿನ್ನನ್ನು ಬಲ್ಲ ಧರ್ಮಬೋಧಕ ಯಾರು, ನೆರೆಯವರು ಯಾರು, ಇದೆಲ್ಲವನ್ನೂ ಎಪ್ಪತ್ತು ಎಂಬತ್ತು ದಾಟಿದ ಮುದುಕರು ನ್ಯಾಯಸ್ಥಾನದಲ್ಲಿ ನಿಂತು ನೆನಪಿನಿಂದ ಹೇಳಬೇಕಾಯಿತು.

ಸಿಪಾಯಿಯ ಪಾಡೇ ಹೀಗಿರುವಾಗ ಅವನ ವಿಧವೆಯ ಪಾಡೇನು? ಸಾಮಾನ್ಯ ಸಿಪಾಯಿಗಳ ವಿಧವೆಯರಿಗೂ ವ್ಯಾಪಕವಾಗಿ ದಾರಿ ತೆರೆದ ಶಾಸನ ಬಂದುದು 1836ರ ಜುಲೈ 4ರಂದು. ಆಗಲೂ ಪತಿಯ ಸೇವೆ ಮುಗಿಯುವ ಮೊದಲೇ ಮದುವೆ ನಡೆದಿರಬೇಕೆಂಬ ಕಟ್ಟಳೆಯಿತ್ತು. 1780ರಲ್ಲಿ ಇಪ್ಪತ್ತರ ಹರೆಯದಲ್ಲಿ ಮದುವೆಯಾದವಳು 1836ಕ್ಕೆ ಎಪ್ಪತ್ತಾರರ ಮುದುಕಿ. 1838ರಲ್ಲಿ ಈ ಗಡಿಯನ್ನು 1794ಕ್ಕಿಂತ ಮೊದಲು ಮದುವೆಯಾದವರವರೆಗೆ ಸರಿಸಿದರು; 1848ರಲ್ಲಿ 1800ರವರೆಗೆ. 1853ರಲ್ಲಿ ಗಡಿಯನ್ನೇ ತೆಗೆದುಹಾಕಿದರು. ಯುದ್ಧ ಮುಗಿದು ಆಗ 70 ವರ್ಷ! ಅರ್ಜಿದಾರರು ಕಡಿಮೆಯಾದಂತೆಲ್ಲ ಉದಾರತೆ ಹೆಚ್ಚುತ್ತ ಹೋದುದನ್ನು ಕಂಡು ನಮಗೆ ನಗು ಬಂದಿತು, ಅದರ ಬೆನ್ನಿಗೇ ವ್ಯಥೆಯೂ ಆಯಿತು. ಸುಳ್ಳು ಅರ್ಜಿಗಳ ಭಯ ಸರಕಾರಕ್ಕೆ ಇತ್ತೆಂಬುದು ನಿಜ. ಅದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಮುದುಕಿಯ ಹಸಿವಿಗೆ ಅಷ್ಟು ವ್ಯವಧಾನವಿರುವುದಿಲ್ಲ.

ವಿಧವೆ ಎರಡನ್ನು ರುಜುವಾತುಪಡಿಸಬೇಕಿತ್ತು. ಪತಿ ಸೈನ್ಯದಲ್ಲಿದ್ದನೆಂಬುದು ಒಂದು. ತಾನು ಅವನ ಧರ್ಮಪತ್ನಿಯೆಂಬುದು ಮತ್ತೊಂದು. ಮೊದಲನೆಯದನ್ನು ಹೇಳಲು ಅವನ ಸಂಗಡಿಗ ಸಿಪಾಯಿ ಯಾರಾದರೂ ಬದುಕಿದ್ದರೆ ಆಗುತ್ತಿತ್ತು. ಎರಡನೆಯದೇ ಕಷ್ಟ. ಐವತ್ತು ಅರವತ್ತು ವರ್ಷ ಒಬ್ಬನೊಡನೆ ಬಾಳಿ, ಅವನ ಮಕ್ಕಳನ್ನು ಹೆತ್ತು, ಅವನನ್ನು ಮಣ್ಣುಮಾಡಿ ಬಂದವಳು, ಮದುವೆಯಾದದ್ದು ನಿಜವೆಂದು ಗುಮಾಸ್ತೆಗೆ ತೋರಿಸಿಕೊಡಬೇಕು! ಕೆಲವು ಪ್ರಾಂತಗಳಲ್ಲಿ ಊರ ದಫ್ತರಗಳಿದ್ದುವು. ಅಡವಿಯಂಚಿನ ಹೊಸ ಹಳ್ಳಿಗಳಲ್ಲಿ ಎಲ್ಲಿಯ ದಫ್ತರ? ಮದುವೆ ಮಾಡಿಸಿದ ಬೋಧಕ ಎಂದೋ ತೀರಿಕೊಂಡಿರುತ್ತಿದ್ದ. ಇನ್ನು ಗುಲಾಮಗಿರಿಯಲ್ಲಿದ್ದ ಕರಿಯ ಜನರ ಮದುವೆಗಳಿಗೆ ಕಾನೂನಿನ ಮನ್ನಣೆಯೇ ಇರಲಿಲ್ಲ. ಅವರಲ್ಲಿಯೂ ಅನೇಕರು ಆ ಯುದ್ಧದಲ್ಲಿ ಹೋರಾಡಿದವರು. ಅವರ ವಿಧವೆಯರ ದಾರಿ ಇನ್ನಷ್ಟು ಕಡಿದಾಗಿತ್ತು.

ಹೀಗಾಗಿ ಬೈಬಲ್ಲಿನ ಪುಟಗಳು ಹರಿದುವು. ಆ ಜನರು ಮನೆಯ ಧರ್ಮಗ್ರಂಥದಲ್ಲಿ ಮನೆತನದ ಹುಟ್ಟುಸಾವುಗಳನ್ನು ಬರೆದಿಡುವುದು ರೂಢಿ. ಮದುವೆಗೆ ಅದೊಂದೇ ಲಿಖಿತ ಆಧಾರ. ಅದನ್ನು ಹರಿದು ರಾಜಧಾನಿಗೆ ಕಳಿಸಿದರು. ಜರ್ಮನ್ ಮೂಲದ ಮನೆತನಗಳು ಹೂವು, ಹಕ್ಕಿಗಳ ಬಣ್ಣದ ಚಿತ್ರ ಬರೆದು ಅಲಂಕರಿಸಿದ ವಂಶಪತ್ರಗಳನ್ನು ಕಳಿಸಿದುವು. ಅಂತಹ ಒಂದನ್ನು ನೋಡಿದೆವು. ಅಚ್ಚುಕಟ್ಟಾದ ರಂಗವಲ್ಲಿಯಂತಿತ್ತು. ಇಂದು ವಾಷಿಂಗ್‌ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಆ ಯುದ್ಧದ ಪಿಂಚಣಿ ಮತ್ತು ಭೂಮಿಯ ಅರ್ಜಿಗಳ ಸುಮಾರು 80,000 ಕಡತಗಳಿವೆಯಂತೆ. "ಕೆಲಸ ಮುಗಿದ ಮೇಲೆ ಈ ಪುಟಗಳನ್ನು ಅವರವರ ಮನೆಗೆ ಹಿಂದಿರುಗಿಸಲಿಲ್ಲವೆ?" ಎಂದು ಕೇಳಿದೆವು. "ಕಡತದಾಗ ಉಳಿದದ್ದಕ್ಕೇ ನಾವು ಇವತ್ತು ನೋಡಾಕತ್ತೀವಿ ಅಜ್ಜಾರೆ" ಎಂದಳು ಹುಡುಗಿ. ಅವಳಿಗೆ ಅದು ಇತಿಹಾಸದ ಆಕರ. ಪುಟ ಹರಿದ ಆ ಗ್ರಂಥ ಮುದುಕಿಯ ಮನೆಯಲ್ಲಿ ಹೇಗೆ ಉಳಿದಿದ್ದೀತೆಂಬುದು ನಮ್ಮ ಯೋಚನೆ.

ಪುಟವೂ ಇಲ್ಲದವರು ಬಾಯಿಮಾತನ್ನು ನಂಬಿದರು. ಅವುಗಳಲ್ಲಿ ಸಾರಾ ಆಸ್ಬರ್ನ್ ಎಂಬವಳ ಹೇಳಿಕೆ ಪ್ರಸಿದ್ಧವಾದುದು. 1837ರಲ್ಲಿ ಪೆನ್ಸಿಲ್ವೇನಿಯಾದ ವೇಯ್ನ್ ಜಿಲ್ಲೆಯಲ್ಲಿ ತನ್ನ 81ನೆಯ ವಯಸ್ಸಿನಲ್ಲಿ ಅವಳು ಅದನ್ನು ಕೊಟ್ಟಳು. ಬರೆದುಕೊಂಡವನು ಕಾನೂನಿನ ಭಾಷೆಯಲ್ಲಿ ಅವಳನ್ನು 'ಹೇಳಿಕೆ ಕೊಡುವವಳು' ಎಂದೇ ಉದ್ದಕ್ಕೂ ಕರೆದಿದ್ದಾನೆ. ಆದರೂ ಆ ಒಣ ಮಾತಿನ ಸಂದಿನಿಂದ ಅವಳ ದನಿ ಕೇಳಿಸುತ್ತದೆ. ಆಲ್ಬನಿಯಲ್ಲಿ ಒಬ್ಬ ಕಮ್ಮಾರನ ಮನೆಯಲ್ಲಿ ಕೆಲಸಕ್ಕಿದ್ದಾಗ ಏರನ್ ಆಸ್ಬರ್ನ್ ಎಂಬ ಕಮ್ಮಾರನನ್ನು 1780ರಲ್ಲಿ ಅವಳು ಮದುವೆಯಾದಳು. ಅವನು ಹೆಂಡತಿಗೆ ಹೇಳದೆಯೇ ಸೈನ್ಯಕ್ಕೆ ಹೆಸರು ಕೊಟ್ಟುಬಂದ. ಅವಳೂ ದಂಡಿನೊಡನೆ ನಡೆದಳು. ಸಿಪಾಯಿಗಳ ಬಟ್ಟೆ ಒಗೆದಳು, ಹೊಲಿದಳು, ಅಡುಗೆ ಮಾಡಿದಳು. 1781ರಲ್ಲಿ ಯಾರ್ಕ್‌ಟೌನಿನ ಮುತ್ತಿಗೆಯಲ್ಲಿ ಕಂದಕಗಳಲ್ಲಿದ್ದವರಿಗೆ ಊಟ, ಕಾಫಿ ಹೊತ್ತುಕೊಂಡು ಹೋಗುತ್ತಿದ್ದಳು. ಒಮ್ಮೆ ಸೇನಾಪತಿ ವಾಷಿಂಗ್‌ಟನ್ನರೇ ಅವಳನ್ನು ಕಂಡು, ತೋಪಿನ ಗುಂಡಿಗೆ ಹೆದರಿಕೆಯಾಗದೆ ಎಂದು ಕೇಳಿದರಂತೆ. ಗಂಡಸರು ಕಾದಾಡುವುದೂ ಇರಲಿ ಹಸಿದಿರುವುದೂ ಇರಲಿ ಎಂದರೆ ನಡೆಯುತ್ತದೆಯೆ ಎಂಬ ಅರ್ಥದ ಮಾತನ್ನು ಅವಳು ಆಡಿದಳು. ಬ್ರಿಟಿಷ್ ಸೈನ್ಯ ಶರಣಾಗಿ ಹೊರಬರುವುದನ್ನೂ ಅವಳು ಕಣ್ಣಾರೆ ಕಂಡಳು.

ಇಷ್ಟೆಲ್ಲ ಮಾಡಿದ ಆ ಹೆಣ್ಣುಮಗಳು ತನ್ನ ಸೇವೆಗಾಗಿ ಪಿಂಚಣಿ ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ. ಗಂಡನ ಸೇವೆಯ ಹೆಸರಿನಲ್ಲಿ ಕೇಳಿದಳು. ಆ ಗಂಡನೋ, ಯುದ್ಧ ಮುಗಿದ ಮೇಲೆ ಇವಳನ್ನೂ ಎರಡು ಮಕ್ಕಳನ್ನೂ ಬಿಟ್ಟು ಮತ್ತೊಬ್ಬಳನ್ನು ಕಟ್ಟಿಕೊಂಡವನು! ಅವಳು ಆಮೇಲೆ ಬೆಂಜಮಿನ್ ಎಂಬವನನ್ನು ಮದುವೆಯಾಗಿ, ಅವನೂ ತೀರಿಕೊಂಡು, ಕಡೆಗಾಲದಲ್ಲಿ ಬಿಟ್ಟುಹೋದವನ ಹೆಸರನ್ನೇ ಆಶ್ರಯಿಸಬೇಕಾಯಿತು. ಪಿಂಚಣಿ ದೊರೆಯಿತೆಂಬುದು ಸಮಾಧಾನ.

ಇದಕ್ಕೆ ತಿರುವುಮುರುವಾದ ಪ್ರಸಂಗವೂ ಒಂದುಂಟು. ಡೆಬೊರಾ ಸ್ಯಾಂಪ್ಸನ್ ಎಂಬಾಕೆ ಗಂಡುವೇಷ ಹಾಕಿ, ರಾಬರ್ಟ್ ಎಂಬ ಹೆಸರಿನಿಂದ ಸೈನ್ಯ ಸೇರಿ ಕಾದಿದವಳು. 1827ರಲ್ಲಿ ಅವಳು ತೀರಿಕೊಂಡ ಮೇಲೆ, ತಾನು ಯೋಧೆಯ ವಿಧುರನಾದುದರಿಂದ ತನಗೆ ಪಿಂಚಣಿ ಬರಬೇಕೆಂದು ಪತಿ ಬೆಂಜಮಿನ್ ಗ್ಯಾನೆಟ್ ಅರ್ಜಿ ಹಾಕಿದ. 1838ರಲ್ಲಿ ಕಾಂಗ್ರೆಸ್ ಸಭೆ ಅದನ್ನು ಮನ್ನಿಸಿತು. ಅಷ್ಟರಲ್ಲಿ ಆತ ತೀರಿಕೊಂಡಿದ್ದನಾಗಿ ಹಣ ಮಕ್ಕಳಿಗೆ ಸಂದಿತು.

ಆ ಯುದ್ಧದ ಪಿಂಚಣಿ ಪಡೆದ ಕೊನೆಯ ವಿಧವೆ ವರ್ಮಾಂಟಿನ ಎಸ್ತರ್ ಡೇಮನ್. 1835ರಲ್ಲಿ ಅವಳಿಗೆ 21, ಅವಳು ಕೈಹಿಡಿದ ಮುದಿ ಯೋಧನಿಗೆ 75. ಅವನು 1853ರಲ್ಲಿ ತೀರಿಕೊಂಡ. ಅವಳು ಬದುಕಿದ್ದುದು 1906ರವರೆಗೆ. ಯುದ್ಧ ಮುಗಿದು 123 ವರ್ಷಗಳಾಗಿದ್ದುವು!

ಈ ಕಡತಗಳಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದುದು ನೆರೆಹೊರೆಯವರ ಸಾಕ್ಷ್ಯ. ಅಕ್ಷರ ಬಾರದ ಮುದುಕರು, ಮುದುಕಿಯರು ನ್ಯಾಯಾಧೀಶನೆದುರು ಬಂದು, ಆ ಮದುವೆಯಲ್ಲಿ ತಾವು ಇದ್ದುದಾಗಿ ಪ್ರಮಾಣ ಮಾಡಿ, ಹೆಸರಿನ ಜಾಗದಲ್ಲಿ ಒಂದು ಗೀಟಿನ ಗುರುತು ಹಾಕಿ ಹೋಗಿದ್ದಾರೆ. ಅದನ್ನು ಓದಿದ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

1986ರಲ್ಲಿ ನಾವು ಮಠದ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆವು. ಇಪ್ಪತ್ತಾರರ ವಯಸ್ಸು, ವ್ಯಾಕರಣವನ್ನೂ ನಿಯಮವನ್ನೂ ಒಂದೇ ಎಂದು ತಿಳಿದಿದ್ದ ಕಾಲ. ಒಂದು ಮಧ್ಯಾಹ್ನ ನೆರೆಯ ಹಳ್ಳಿಯ ಹೆಣ್ಣುಮಗಳೊಬ್ಬಳು ಬಂದಳು. ಪತಿ ಸೈನ್ಯದಿಂದ ನಿವೃತ್ತನಾಗಿ ಬಂದು ಕಾಯಿಲೆಯಿಂದ ತೀರಿಕೊಂಡಿದ್ದ. ಅವನ ಸೇವಾದಾಖಲೆಯಲ್ಲಿ ಹೆಂಡತಿಯ ಹೆಸರು ನಮೂದಾಗಿರಲಿಲ್ಲ. ಕಚೇರಿಯವರು ಮದುವೆಯ ದಾಖಲೆ ಕೇಳಿದ್ದರು. ಅವರ ಮದುವೆ ನಮ್ಮ ಮಠದ ಜಾತ್ರೆಯ ಸಾಮೂಹಿಕ ವಿವಾಹದಲ್ಲಿ, 1972ರಲ್ಲಿ ಆಗಿತ್ತು. ಆ ವರ್ಷದ ದಫ್ತರ ಮಳೆಯ ನೀರಿಗೆ ಸಿಕ್ಕಿ ಅಂಟಿಕೊಂಡು ಮುದ್ದೆಯಾಗಿತ್ತು. "ದಫ್ತರದಲ್ಲಿ ಕಾಣದ್ದನ್ನು ಬರೆದುಕೊಡಲು ಬರುವುದಿಲ್ಲ ತಾಯಿ" ಎಂದೆವು.

ಅವಳು ಚೀಲದಿಂದ ಒಂದು ಹಿತ್ತಾಳೆಯ ತಂಬಿಗೆಯನ್ನು ತೆಗೆದು ನಮ್ಮ ಮುಂದಿಟ್ಟಳು. ಮದುವೆಗೆ ಅವಳ ಸೋದರಮಾವ ಉಡುಗೊರೆ ಕೊಟ್ಟದ್ದು. ಅದರ ಕಂಠದ ಸುತ್ತ ಗಂಡಹೆಂಡಿರ ಹೆಸರು, ತಾರೀಖು ಕೊರೆಸಿತ್ತು. "ಇದರ ಮ್ಯಾಲೆ ಬರದೈತ್ರಿ ಅಪ್ಪಾರ" ಎಂದಳು. ತಂಬಿಗೆ ದಾಖಲೆಯಾಗದು ಎಂದು ನಾವು ತಿಳಿಹೇಳಿದೆವು. ಅವಳು ವಾದಿಸಲಿಲ್ಲ. ಸೆರಗಿನಿಂದ ಅದನ್ನು ಒರೆಸಿ ಚೀಲದೊಳಗಿಟ್ಟುಕೊಂಡು ನಮಸ್ಕರಿಸಿ ಹೋದಳು. ಆಮೇಲೆ ಅವಳ ಅರ್ಜಿ ಏನಾಯಿತೆಂದು ನಾವು ವಿಚಾರಿಸಲೂ ಇಲ್ಲ.

ದಫ್ತರ ಹಾಳಾಗಿತ್ತೆಂಬುದು ನಿಜ. ಆದರೆ ನಾವು ಆ ಮದುವೆಯಲ್ಲಿ ಇದ್ದೆವು. ಹನ್ನೆರಡು ವರ್ಷದ ಪಾಠಶಾಲೆಯ ಹುಡುಗ. ಅಂದು ಸಾಲುಸಾಲಾಗಿ ಕುಳಿತ ವಧೂವರರಿಗೆ ಅಕ್ಷತೆಯ ತಟ್ಟೆ ಹಿಡಿದು ನಡೆದವರು ನಾವೇ. ಆ ಸಿಪಾಯಿ ಹುಡುಗ ತನ್ನ ಸೈನ್ಯದ ಬೂಟುಗಳನ್ನು ಮಂಟಪದ ಹೊರಗೆ ಬಿಟ್ಟಿದ್ದ. ಹುಡುಗರೆಲ್ಲ ಅವುಗಳ ಸುತ್ತ ನೆರೆದು ಮುಟ್ಟಿಮುಟ್ಟಿ ನೋಡಿದ್ದೆವು. 1986ರ ಆ ಮಧ್ಯಾಹ್ನವೂ ಇದು ನಮಗೆ ನೆನಪಿತ್ತು. ನಮ್ಮ ನೆನಪನ್ನು ಒಂದು ಕಾಗದದ ಮೇಲೆ ಬರೆದು ಸಹಿ ಹಾಕಿಕೊಡಬಹುದಿತ್ತು. ಅದು ನಮಗೆ ಹೊಳೆಯಲಿಲ್ಲ.

ಈ ಭಾದ್ರಪದದಲ್ಲಿ ಆ ಹಳ್ಳಿಗೆ ಹೋಗಿದ್ದೆವು. ಆ ತಾಯಿ ಲಿಂಗೈಕ್ಯಳಾಗಿ ಒಂಬತ್ತು ವರ್ಷಗಳಾದುವಂತೆ. ಪಿಂಚಣಿ ಬಂದಿತ್ತೆ ಎಂದು ಕೇಳಿದೆವು. ಬಂದಿತ್ತು, ಆದರೆ ಆರು ವರ್ಷ ಓಡಾಡಿದ ಮೇಲೆ ಎಂದ ಮಗ. ಮಠದಲ್ಲಿ ಅಂದು ಅಡುಗೆ ಮಾಡುತ್ತಿದ್ದ ಮುದುಕ ತಾಲೂಕಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಸಾಕ್ಷಿ ಹೇಳಿದನಂತೆ. ಸೊಸೆ ನಮಗೆ ನೀರು ತಂದಿಟ್ಟಳು. ಅದೇ ತಂಬಿಗೆ. ಅಕ್ಷರಗಳು ಸವೆದಿದ್ದುವು, ಆದರೂ ತಾರೀಖನ್ನು ಓದಬಹುದಾಗಿತ್ತು.