ಇಪ್ಪತ್ತು ಅಕ್ಷರಗಳ ಮಂತ್ರ

ಛಂದಸ್ಸು ಕವಿಗೆ ಬಂಧನವೋ ಆಸರೆಯೋ ಎಂಬುದು ಹಳೆಯ ಪ್ರಶ್ನೆ. ಜಪಾನಿನ ವಿಡಿಯೋ ಆಟಗಳ ಲೋಕದಲ್ಲಿಯೂ ಅದಕ್ಕೊಂದು ಉತ್ತರವಿದೆಯೆಂದರೆ ಸಾಹಿತ್ಯದ ವಿದ್ಯಾರ್ಥಿಗೆ ಅಚ್ಚರಿಯೆನಿಸೀತು. ಚುನ್‌ಸಾಫ್ಟ್ ಎಂಬ ಸಣ್ಣ ಸಂಸ್ಥೆಯ ಚರಿತ್ರೆ ಆ ಉತ್ತರವನ್ನು ಒಳಗೊಂಡಿದೆ.

1964ರಲ್ಲಿ ಕಗಾವಾ ಪ್ರಾಂತದಲ್ಲಿ ಜನಿಸಿದ ಕೊಯಿಚಿ ನಕಮುರ, ಶಾಲಾ ವಿದ್ಯಾರ್ಥಿಯಾಗಿದ್ದಾಗಲೇ ಎನಿಕ್ಸ್ ಸಂಸ್ಥೆಯ ಸ್ಪರ್ಧೆಯಲ್ಲಿ ‘ಡೋರ್ ಡೋರ್’ ಎಂಬ ಆಟಕ್ಕೆ ಬಹುಮಾನ ಪಡೆದರು. ಬರಹಗಾರ ಯೂಜಿ ಹೊರಿಯಿ ಅದೇ ಸ್ಪರ್ಧೆಯ ಇನ್ನೊಬ್ಬ ವಿಜೇತ. 1984ರಲ್ಲಿ ನಕಮುರ ಚುನ್‌ಸಾಫ್ಟನ್ನು ಸ್ಥಾಪಿಸಿದರು. ಅವರ ಹೆಸರಿನಲ್ಲಿ ‘ನಕ’ ಎಂದು ಓದುವ ಚಿತ್ರಾಕ್ಷರಕ್ಕೆ ಚೀನೀ ಮೂಲದ ‘ಚುನ್’ ಎಂಬ ಉಚ್ಚಾರವೂ ಉಂಟು. ಸಂಸ್ಥೆಯ ನಾಮಧೇಯ ಅಲ್ಲಿಂದ ಬಂದದ್ದು.

ಹೊರಿಯಿಯವರ ‘ಪೋರ್ಟೋಪಿಯಾ’ ಎಂಬ ಕೊಲೆಯ ರಹಸ್ಯಕಥೆ 1983ರಲ್ಲಿ ಕಂಪ್ಯೂಟರಿನಲ್ಲಿ ಬಂದಾಗ ಆಡುವವನು ಆಜ್ಞೆಗಳನ್ನು ಬೆರಳಚ್ಚಿಸಬೇಕಿತ್ತು. ಫ್ಯಾಮಿಕಾಮ್ ಯಂತ್ರಕ್ಕಾದರೋ ಕೀಲಿಮಣೆಯಿರಲಿಲ್ಲ. 1985ರಲ್ಲಿ ಚುನ್‌ಸಾಫ್ಟ್ ಅದನ್ನು ಆ ಯಂತ್ರಕ್ಕೆ ಅಳವಡಿಸಿದಾಗ ಆಜ್ಞೆಗಳು ಆಯ್ಕೆಯ ಪಟ್ಟಿಯಾದವು.

ಮರುವರ್ಷದ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಇಕ್ಕಟ್ಟು ಇನ್ನೂ ಹೆಚ್ಚು. ಚಿತ್ರ, ಸಂಗೀತ, ಕಥೆ, ಲಿಪಿ ಎಲ್ಲವೂ 64 ಕಿಲೋಬೈಟುಗಳಲ್ಲಿ ಅಡಕವಾಗಬೇಕು. ಆದ್ದರಿಂದ ಕಟಕಾನ ಲಿಪಿಯ ಕೆಲವೇ ಅಕ್ಷರಗಳಿಗೆ ಎಡೆ ದೊರೆಯಿತು. ರಾಕ್ಷಸರ ಹೆಸರುಗಳನ್ನೂ ಅವುಗಳಲ್ಲಿಯೇ ಹೊಂದಿಸಬೇಕಾಯಿತು. ಆಟ ನಿಂತ ಸ್ಥಳವನ್ನು ನೆನಪಿಡುವ ಸೌಕರ್ಯ ಯಂತ್ರಕ್ಕಿರಲಿಲ್ಲ. ಬದಲಾಗಿ ಕಥೆಯ ರಾಜನು ಇಪ್ಪತ್ತು ಅಕ್ಷರಗಳ ‘ಪುನರುಜ್ಜೀವನ ಮಂತ್ರ’ವನ್ನು ಹೇಳುತ್ತಿದ್ದ. ಅರ್ಥವಿಲ್ಲದ ಆ ಅಕ್ಷರಗಳು 5, 7, 5, 3ರ ಗುಂಪುಗಳಲ್ಲಿ ನಿಲ್ಲುತ್ತಿದ್ದವು. ಮೊದಲ ಮೂರು ಗುಂಪುಗಳು ಹೈಕುವಿನ ಅಳತೆಯೇ ಎಂಬುದು ಗಮನಾರ್ಹ. ಮಸುಕು ಪರದೆಯಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳಲ್ಲಿ ಒಂದನ್ನು ತಪ್ಪಾಗಿ ಬರೆದುಕೊಂಡರೂ ಸಾಕು, ಹಿಂದಿನ ದಿನದ ಸಾಹಸವೆಲ್ಲ ವ್ಯರ್ಥ. ಲಿಪಿಕಾರನ ಸ್ಖಾಲಿತ್ಯದ ಬೆಲೆಯನ್ನು ಗ್ರಂಥಸಂಪಾದಕನಷ್ಟೇ ಚೆನ್ನಾಗಿ ಆ ಮಕ್ಕಳೂ ಅರಿತರು.

1992ರ ಐದನೆಯ ಕೃತಿಯೊಂದಿಗೆ ಆ ಮಾಲೆಯೊಡನೆ ಚುನ್‌ಸಾಫ್ಟಿನ ನಂಟು ಮುಗಿಯಿತು. ಅಷ್ಟರಲ್ಲಿ ಯಂತ್ರಗಳ ಸಾಮರ್ಥ್ಯ ಬೆಳೆದಿತ್ತು. ಆದರೂ ಸಂಸ್ಥೆ ಅಕ್ಷರವನ್ನು ಬಿಡಲಿಲ್ಲ. ಅದೇ ವರ್ಷದ ‘ಒತೊಗಿರಿಸೊ’ದಲ್ಲಿ ಪರದೆಯ ತುಂಬ ಬರಹ, ಹಿಂದೆ ಚಿತ್ರ, ಜೊತೆಗೆ ಧ್ವನಿ, ಕವಲುಗಳಲ್ಲಿ ದಾರಿ ಆರಿಸುವವನು ಓದುಗ. ‘ಸೌಂಡ್ ನಾವೆಲ್’ ಎಂಬ ಪ್ರಕಾರ ಹೀಗೆ ಹುಟ್ಟಿತು. 1994ರ ‘ಕಮಾಯಿತಚಿ ನೊ ಯೊರು’ ಕೃತಿಯನ್ನು ಕಾದಂಬರಿಕಾರ ತಕೆಮಾರು ಅಬಿಕೊ ಬರೆದರು. ಹಿಮದಲ್ಲಿ ಸಿಲುಕಿದ ವಸತಿಗೃಹದಲ್ಲಿ ಕೊಲೆ ನಡೆಯುತ್ತದೆ. ಓದುಗ ಸುಳಿವನ್ನು ಗ್ರಹಿಸದಿದ್ದರೆ ಇನ್ನಷ್ಟು ಜನ ಸಾಯುತ್ತಾರೆ. 1998ರ ‘ಮಚಿ’ಯಲ್ಲಿ ಟೋಕಿಯೋದ ಶಿಬುಯಾ ಪ್ರದೇಶದ ಎಂಟು ಮಂದಿಯ ಬದುಕುಗಳಿವೆ, ಒಬ್ಬರ ನಿರ್ಧಾರ ಇನ್ನೊಬ್ಬರ ಗತಿಯನ್ನು ಬದಲಿಸುತ್ತದೆ.

2012ರಲ್ಲಿ ಸ್ಪೈಕ್ ಸಂಸ್ಥೆಯೊಡನೆ ವಿಲೀನವಾಗಿ ಚುನ್‌ಸಾಫ್ಟ್ ಜಂಟಿ ಹೆಸರಿನ ಭಾಗವಾಯಿತು. ಪರದೆ ಓದನ್ನು ನುಂಗುತ್ತದೆಂಬ ಅಳುಕು ಸಾಹಿತ್ಯವಲಯದಲ್ಲಿ ಇಂದಿಗೂ ಇದೆ, ಅದು ನಿರಾಧಾರವೇನಲ್ಲ. ಆದರೆ ಇಕ್ಕಟ್ಟಿನಲ್ಲಿ ಅಕ್ಷರದ ಬೆಲೆ ಕಲಿತವರು ವಿಸ್ತಾರ ದೊರೆತಾಗಲೂ ಅಕ್ಷರವನ್ನೇ ಆರಿಸಿಕೊಂಡರು. ಬಂಧನವು ಆಸರೆಯಾಗುವ ಬಗೆ ಇದು. ಮಂತ್ರವನ್ನು ಪುಸ್ತಕದಲ್ಲಿ ಬರೆದುಕೊಂಡು, ಮಲಗುವ ಮುನ್ನ ಮತ್ತೊಮ್ಮೆ ಪರದೆಯೊಡನೆ ತಾಳೆ ನೋಡಿದ ಬಾಲಕನೂ ಓದುಗನೇ.