ಎದುರು ಮಾತು

ಹೆಣ್ಣುಮಕ್ಕಳಿಗೆ ನಾವು ಕಲಿಸುವ ಮೊದಲ ಪಾಠಗಳಲ್ಲಿ ‘ಎದುರು ಮಾತಾಡಬೇಡ’ ಎನ್ನುವುದೂ ಒಂದು. ತವರಿನಲ್ಲಿ ಅಪ್ಪನಿಗೆ ಎದುರಾಡಬಾರದು, ಗಂಡನ ಮನೆಯಲ್ಲಿ ಅತ್ತೆಗೆ ಎದುರಾಡಬಾರದು. ಬೈಯುವವರು ಬೈದು ಸುಮ್ಮನಾಗುತ್ತಾರೆ, ನೀನು ತಲೆ ತಗ್ಗಿಸಿ ನಿಂತರೆ ಸಾಕು ಎಂಬ ಬುದ್ಧಿವಾದ ಕೇಳದ ಹೆಣ್ಣು ನಮ್ಮ ಕಡೆ ಸಿಗಲಾರಳು. ಆದರೆ ಬೈಯುವವರು ಕಣ್ಣಿಗೆ ಕಾಣದೆ, ಹಗಲು ರಾತ್ರಿ ಕಿವಿಯೊಳಗೇ ಕುಳಿತು ಬೈಯುತ್ತಿದ್ದರೆ ಏನು ಮಾಡುವುದು? ಅಂಥ ಹೊತ್ತಿನಲ್ಲಿ ಎದುರು ಮಾತೇ ಔಷಧವಾಗಬಹುದು ಎಂದು ಕೆಲವು ವೈದ್ಯರು ಕಂಡುಕೊಂಡಿದ್ದಾರೆ.

ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಯ ಹೆಸರನ್ನು ನೀವೂ ಕೇಳಿರುತ್ತೀರಿ. ಈ ಕಾಯಿಲೆಯ ಬಹಳ ಜನಕ್ಕೆ ಸುತ್ತ ಯಾರೂ ಇಲ್ಲದಿರುವಾಗಲೂ ಮಾತು ಕೇಳಿಸುತ್ತದೆ. ಅದು ಅವರು ಕಟ್ಟಿದ ಕತೆಯಲ್ಲ, ಕೆಲಸ ತಪ್ಪಿಸಿಕೊಳ್ಳುವ ನೆಪವೂ ಅಲ್ಲ. ನಿಮ್ಮ ದನಿ ನನಗೆ ಕೇಳುವಷ್ಟೇ ಸ್ಪಷ್ಟವಾಗಿ ಅವರಿಗೆ ಆ ದನಿ ಕೇಳುತ್ತದೆ. ಮಾತ್ರೆಗಳಿಂದ ಹೆಚ್ಚಿನವರಿಗೆ ಅದು ಅಡಗುತ್ತದೆ, ಇಲ್ಲವೇ ಸಣ್ಣದಾಗುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರೆ ನುಂಗಿದರೂ ಉಳಿದುಬಿಡುತ್ತದೆ.

ಹಾಗೆ ಉಳಿಸಿಕೊಂಡವಳು ನನ್ನ ಚಿಕ್ಕಮ್ಮನ ಮಗಳು. ಕುರುಗೋಡಿನಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಅವಳ ಮನೆ. ಅವಳಿಗೆ ಕೇಳಿಸುವುದು ಅವಳ ಅತ್ತೆಯ ದನಿ. ಅತ್ತೆ ತೀರಿಕೊಂಡು 11 ವರ್ಷವಾಯಿತು. ದನಿ ಮಾತ್ರ ಇನ್ನೂ ‘ಒಲೆ ಒರೆಸಿಲ್ಲ, ಸೆರಗು ಸರಿಯಿಲ್ಲ, ನಾಲ್ಕು ಜನರ ಮುಂದೆ ಕೂಡುವ ಮುಖವೇ ನಿನ್ನದು’ ಎಂದು ಆಡಿಕೊಳ್ಳುತ್ತಲೇ ಇದೆ.

ಅಮೆರಿಕದ ಮಾನವಶಾಸ್ತ್ರಜ್ಞೆ ಟಾನ್ಯಾ ಲೂರ್ಮನ್ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದಾಗ ನನಗೆ ಇವಳದೇ ನೆನಪು. ಕ್ಯಾಲಿಫೋರ್ನಿಯಾ, ಘಾನಾ ದೇಶದ ಅಕ್ರಾ, ನಮ್ಮ ಚೆನ್ನೈ, ಈ ಮೂರು ಕಡೆ ದನಿ ಕೇಳುವ ತಲಾ 20 ಜನರನ್ನು ಅವರು ಮಾತಾಡಿಸಿದ್ದರು. ಅಮೆರಿಕದವರಿಗೆ ಹೊಡಿ, ಬಡಿ, ಯುದ್ಧ ಎನ್ನುವಂಥ ದನಿಗಳೇ ಹೆಚ್ಚು. ಚೆನ್ನೈಯ ಅನೇಕರಿಗೆ ಕೇಳುತ್ತಿದ್ದುದು ಬಂಧುಗಳ ದನಿ. ಮನೆಗೆಲಸ ಮಾಡು ಎಂದು ಹೇಳುವ, ಗದರಿಸುವ ದನಿ. ಇದನ್ನು ತಂಗಿಗೆ ಹೇಳಿದೆ. ಅವಳು ಬಹಳ ದಿನದ ಮೇಲೆ ನಕ್ಕಳು. ‘ಅಲ್ಲೂ ಅತ್ತೇರ ಕಾಟಾನೇ ಏನಕ್ಕ?’ ಎಂದಳು. ತನ್ನಂಥವರು ಬೇರೆ ಊರಲ್ಲೂ ಇದ್ದಾರೆ ಎಂಬುದೇ ಅವಳಿಗೆ ಒಂದು ಸಮಾಧಾನ.

ಇನ್ನು ಎದುರು ಮಾತಿನ ಚಿಕಿತ್ಸೆಯ ವಿಷಯ. ಇದನ್ನು ಮೊದಲು ಯೋಚಿಸಿದವರು ಲಂಡನ್ನಿನ ಮನೋವೈದ್ಯ ಜೂಲಿಯನ್ ಲೆಫ್. ದನಿಯ ಮುಂದೆ ತಾವು ಅಸಹಾಯಕರು ಎನ್ನುವ ಭಾವನೆಯೇ ರೋಗಿಗಳನ್ನು ಹೆಚ್ಚು ಕಾಡುತ್ತದೆ, ಅದರೊಡನೆ ಮಾತಿಗಿಳಿಯಬಲ್ಲವರಿಗೆ ಸ್ವಲ್ಪ ಹಿಡಿತ ಸಿಗುತ್ತದೆ ಎಂದು ಅವರು ಗಮನಿಸಿದ್ದರು. ಕಾಣದ ದನಿಗೆ ಉತ್ತರ ಕೊಡುವುದು ಹೇಗೆ? ಅದಕ್ಕೊಂದು ಮುಖ ಕೊಡಬೇಕು. ರೋಗಿ ತನಗೆ ಕೇಳುವ ದನಿಗೆ ಹೊಂದುವ ಮುಖವನ್ನು ಕಂಪ್ಯೂಟರಿನಲ್ಲಿ ತಾನೇ ಆರಿಸುತ್ತಾನೆ, ದನಿಯನ್ನೂ ಹೊಂದಿಸುತ್ತಾನೆ. ವೈದ್ಯರು ಬೇರೊಂದು ಕೋಣೆಯಲ್ಲಿ ಕುಳಿತು ಆ ಮುಖದ ಮೂಲಕ ಮಾತಾಡುತ್ತಾರೆ. ನಡುನಡುವೆ ತಮ್ಮ ಸ್ವಂತ ದನಿಯಲ್ಲಿ ‘ಹೆದರಬೇಡಿ, ಅದಕ್ಕೆ ಉತ್ತರ ಕೊಡಿ’ ಎಂದು ಧೈರ್ಯ ತುಂಬುತ್ತಾರೆ.

2023ರಲ್ಲಿ ತೀರಿಕೊಂಡ ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ಆಟ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಪರದೆಯ ಮೇಲೆ ರಾವಣ ಅಬ್ಬರಿಸುತ್ತಾನೆ, ಪರದೆಯ ಹಿಂದೆ ಇರುವವರು ನಮ್ಮವರೇ. ವ್ಯತ್ಯಾಸ ಇಷ್ಟೇ: ಇಲ್ಲಿ ನೋಡಲು ಕುಳಿತವರೂ ಮಾತಾಡಬೇಕು. ವಾರಕ್ಕೊಮ್ಮೆಯಂತೆ ಆರೇಳು ಸಲ ಹೀಗೆ ನಡೆಯುತ್ತಾ ಹೋದಂತೆ, ಮೊದಲು ಜೋರು ಮಾಡಿದ ಮುಖ ಮೆಲ್ಲಮೆಲ್ಲನೆ ತಗ್ಗಿ ಮಾತಾಡತೊಡಗುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ, ಡೆನ್ಮಾರ್ಕ್‌ನಲ್ಲಿ ಇದನ್ನೇ ವರ್ಚುವಲ್ ರಿಯಾಲಿಟಿಯಲ್ಲಿ ಮಾಡಿದ್ದಾರೆ. ಕಣ್ಣಿಗೆ ದಪ್ಪ ಕನ್ನಡಕದಂಥ ಸಾಧನ ಕಟ್ಟಿಕೊಂಡರೆ ಆ ಮುಖದವರು ಎದುರಿಗೇ ನಿಂತಂತೆ ಕಾಣುತ್ತಾರೆ.

ಇದು ಪವಾಡವೇನಲ್ಲ. 2018ರಲ್ಲಿ ಲಂಡನ್ನಿನವರು 150 ಜನರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. 12 ವಾರಗಳ ಹೊತ್ತಿಗೆ, ಬರೀ ಸಾಂತ್ವನದ ಮಾತು ಕೇಳಿದವರಿಗಿಂತ ಈ ಚಿಕಿತ್ಸೆ ಪಡೆದವರಿಗೆ ದನಿಯ ಕಾಟ ಚೆನ್ನಾಗಿ ಇಳಿದಿತ್ತು. 24 ವಾರಗಳಾದಾಗ ಎರಡೂ ಗುಂಪಿನ ನಡುವೆ ಅಂಥ ವ್ಯತ್ಯಾಸ ಉಳಿದಿರಲಿಲ್ಲ. ಮಾತ್ರೆ ಬಿಟ್ಟು ಮಾಡುವ ಚಿಕಿತ್ಸೆಯೂ ಇದಲ್ಲ. ಮನೆಯಲ್ಲಿ ಯಾರೋ ಒಬ್ಬರು ದನಿ ಬದಲಿಸಿ ಆಡಿ ತೋರಿಸುವ ಆಟವಂತೂ ಖಂಡಿತ ಅಲ್ಲ. ತಿಳಿಯದವರು ಮಾಡಿದರೆ ಕಾಯಿಲೆ ಕೆರಳೀತು.

ಅಂಥ ಕನ್ನಡಕ ನಮ್ಮ ತಾಲೂಕಿಗೆ ಬಂದಿಲ್ಲ. ಹಾಗೆಂದು ನಮ್ಮ ಜಿಲ್ಲೆ ಈ ವಿಷಯದಲ್ಲಿ ಹಿಂದೆ ಎಂದು ತಿಳಿಯಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲೇ ಒಂದು ದೊಡ್ಡ ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನೋರೋಗದ ಮಾತ್ರೆ ಹಳ್ಳಿಯ ಹತ್ತಿರವೇ ಸಿಗುವಂತೆ ಮಾಡಿದರು. ಅದಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರಾಯಿತು. ಅದನ್ನು ಆಧರಿಸಿಯೇ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದು. ದೇಶಕ್ಕೇ ದಾರಿ ತೋರಿಸಿದ ಜಿಲ್ಲೆಯವರು ನಾವು, ಇನ್ನೂ ಮನೆಯ ರೋಗಿಯನ್ನು ಒಳಕೋಣೆಯಲ್ಲಿ ಬಚ್ಚಿಡುತ್ತೇವೆ. ಈಗಂತೂ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಹಣವಿಲ್ಲದೆ ಸಲಹೆ ಕೊಡುತ್ತಾರೆ.

ತಂಗಿಗೆ ಈ ಚಿಕಿತ್ಸೆಯ ವಿಷಯ ಬಿಡಿಸಿ ಹೇಳಿದಾಗ ಅವಳು ಕೇಳಿದ್ದು ಯಂತ್ರದ ಬಗ್ಗೆಯಲ್ಲ. ‘ಅತ್ತಿಗೆ ಎದುರಾಡೋದು ಹೆಂಗಕ್ಕ? ಜೀವಂತ ಇದ್ದಾಗ ಒಂದು ಮಾತು ಆಡಲಿಲ್ಲ. ಸತ್ತ ಮ್ಯಾಲೆ ಆಡಿದರ ಪಾಪ ಬರಂಗಿಲ್ಲೇನು?’ ಎಂದಳು. ಯಾವ ದೇಶದ ವಿಜ್ಞಾನಿಗೂ ಈ ಪ್ರಶ್ನೆ ಹೊಳೆದಿರಲಾರದು. ‘ನಿನ್ನ ಅತ್ತೆ ಪುಣ್ಯಾತ್ಗಿತ್ತಿ, ಶಿವನ ಪಾದ ಸೇರಿದರು. ಇದು ಅವರ ದನಿ ಹಾಕಿಕೊಂಡು ಬಂದ ರೋಗ. ರೋಗಕ್ಕೆ ಉತ್ತರ ಕೊಟ್ಟರೆ ಪಾಪವಿಲ್ಲ’ ಎಂದೆ. ಅವಳನ್ನು ನೋಡುವ ವೈದ್ಯರನ್ನೂ ಕೇಳಿದೆವು. ಮಾತ್ರೆ ತಪ್ಪಿಸದೆ, ಜಗಳಕ್ಕಿಳಿಯದೆ, ಒಂದೆರಡು ಗಟ್ಟಿ ಮಾತು ಹೇಳಿ ಕೈಯಲ್ಲಿದ್ದ ಕೆಲಸಕ್ಕೆ ಮರಳಲಿ ಎಂದರು.

ಹೋದ ಮಾಘದಲ್ಲಿ ಅವಳ ಮಗಳ ನಿಶ್ಚಿತಾರ್ಥ. ಬೀಗರಿಗೆ ವಿಷಯ ಮೊದಲೇ ತಿಳಿಸಿದ್ದೆವು, ಅವರು ಒಪ್ಪಿದ್ದರು. ಅಳುಕಿದ್ದು ನಮ್ಮ ಕಡೆಯ ಹಿರಿಯರೇ. ಅವಳನ್ನು ಆ ಎರಡು ದಿನ ಸಿರುಗುಪ್ಪದ ನೆಂಟರ ಮನೆಗೆ ಕಳಿಸೋಣ, ನಾಲ್ಕು ಜನರ ಮುಂದೆ ತನ್ನಷ್ಟಕ್ಕೆ ಮಾತಾಡಿಕೊಂಡರೆ ಮರ್ಯಾದೆ ಏನಾಗಬೇಕು ಎಂದರು. ನಾನು ಹಟ ಹಿಡಿದೆ. ಹೆತ್ತವಳಿಲ್ಲದೆ ಮಗಳಿಗೆ ಯಾರು ಉಡಿ ತುಂಬುತ್ತಾರೆ ಎಂದು ಕೇಳಿದೆ. ಮಗಳೂ ಅವ್ವ ಇಲ್ಲದಿದ್ದರೆ ಚಾಪೆಯ ಮೇಲೆ ಕೂಡುವುದಿಲ್ಲ ಎಂದಳು.

ಅವಳು ಕೂತಳು, ನಾನು ಪಕ್ಕದಲ್ಲಿ ಕೂತೆ. ಕಾರ್ಯದ ನಡುವೆ ಅವಳ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು. ದನಿ ಬಂದಿದೆ ಎಂದು ತಿಳಿದೆ. ಎದ್ದು ಹೋಗುತ್ತಾಳೇನೋ ಎಂದುಕೊಳ್ಳುವಷ್ಟರಲ್ಲಿ, ನನಗೆ ಮಾತ್ರ ಕೇಳುವ ಹಾಗೆ, ‘ಇದು ನನ್ನ ಮಗಳ ಕಾರ್ಯ. ನಾ ಇಲ್ಲಿಂದ ಏಳಂಗಿಲ್ಲ’ ಎಂದಳು. ದನಿ ನಿಂತಿತೇ ಎಂದು ಆಮೇಲೆ ಕೇಳಿದೆ. ನಿಲ್ಲಲಿಲ್ಲವಂತೆ. ಆದರೆ ಅವಳು ಏಳಲಿಲ್ಲ. ಉಡಿ ತುಂಬಿದವಳು ಅವಳೇ.