ಚಳಿಯ ಬೆಳಗ್ಗೆ ಚೋಕ್

ಕಾರ್ಬುರೇಟರ್ ಇರುವ ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರು ಮಡಿಕೇರಿಯ ಜನವರಿ ಚಳಿಯಲ್ಲಿ ಬೇಗ ಸ್ಟಾರ್ಟ್ ಆಗದಿರಲು ಮುಖ್ಯ ಕಾರಣ ಪೆಟ್ರೋಲೇ. ತಣ್ಣಗಿನ ಪೆಟ್ರೋಲ್ ಸರಿಯಾಗಿ ಆವಿಯಾಗದು. ಸಿಲಿಂಡರಿಗೆ ಹೋಗುವ ಮಿಶ್ರಣ ತೆಳುವಾಗಿ, ಕಿಡಿಗೆ ಹೊತ್ತಿಕೊಳ್ಳದು. ಚೋಕ್ ಎಳೆದರೆ ಗಾಳಿಯ ದಾರಿ ಕಿರಿದಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಚಳಿಗೆ ಎಂಜಿನ್ ಆಯಿಲ್ ಕೂಡ ಮಂದವಾಗಿರುತ್ತದೆ, ಬ್ಯಾಟರಿಯ ಕಸುವೂ ತಗ್ಗಿರುತ್ತದೆ. ಹಾಗಾಗಿ ಹೆಡ್‌ಲೈಟ್ ಆರಿಸಿ, ಕ್ಲಚ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡುವುದು ಒಳ್ಳೆಯದು. ಒಂದೇ ಸಮನೆ 10 ಸೆಕೆಂಡಿಗಿಂತ ಹೆಚ್ಚು ಕೀಲಿ ತಿರುಗಿಸಿ ಹಿಡಿಯುವುದು ಮಾತ್ರ ಬ್ಯಾಟರಿಗೂ ಸ್ಟಾರ್ಟರಿಗೂ ಮಾಡುವ ಅನ್ಯಾಯ; ನಡುವೆ ಅರ್ಧ ನಿಮಿಷದ ಬಿಡುವು ಬೇಕೇ ಬೇಕು. ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ಎಂಜಿನ್ನಿನಲ್ಲಿ ಪೆಟ್ರೋಲ್ ಅತಿಯಾಗಿ ತುಂಬಿದೆಯೆಂದರ್ಥ: ಆಗ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ತುಳಿದು ಕೀಲಿ ತಿರುಗಿಸಬೇಕು. ಸ್ಟಾರ್ಟ್ ಆದ ಮೇಲೆ ಎಂಜಿನ್ ಬಿಸಿಯೇರಿದಂತೆಲ್ಲ ಚೋಕನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತಾರೆ.